ಏನಾಯ್ತು ಅಂತ ಬರೆದಿದೆಯಾ?

ಮುಖ್ಯ ಬಾಗಿಲಿನಿಂದ ಒಳಗೆ ಬಂದು, ರಕ್ತ ಪರೀಕ್ಷೆಯ ಸಾಲು ದಾಟಿ, ಸ್ಟ್ರೆಚರ್ ಉರುಳಿಸುವ ಇಳಿಜಾರಿನಲ್ಲಿ ಕೆಳಗಿಳಿದರೆ ರೇಡಿಯಾಲಜಿ ವಿಭಾಗ. ಮಲೆನಾಡಿನ ಸೆರಗಿನಲ್ಲಿರುವ ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಬೋಧನಾ ಆಸ್ಪತ್ರೆ ಇದು. ರೋಗಿಗಳ ಗುರುತು ಹೊರಬೀಳಬಾರದು ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಂಡಿದ್ದರಿಂದ ಊರಿನ ಹೆಸರು ಬರೆಯುತ್ತಿಲ್ಲ. ಇಂಥ ವಿಭಾಗ ನೆಲಮಾಳಿಗೆಯಲ್ಲೇ ಇರುವುದಕ್ಕೆ ಕಾರಣವಿದೆ. ಯಂತ್ರಗಳು ಟನ್‌ಗಟ್ಟಲೆ ತೂಗುತ್ತವೆ. ಎಕ್ಸ್‌ರೇ ಕೋಣೆಗೆ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಬೇಕು, ಬಾಗಿಲಿಗೆ ಸೀಸದ ತಗಡು ಹೊಡೆದಿರಬೇಕು. ಕೆಳಗೆ ಬರೀ ಮಣ್ಣಿದ್ದರೆ ಆ ಕಡೆಯ ಚಿಂತೆ ತಪ್ಪಿತು.

ಬೆಳಗ್ಗೆ ಒಂಬತ್ತೂವರೆಗೇ ಕೌಂಟರಿನ ಮುಂದೆ ಜನ ತುಂಬಿದ್ದರು. ಎಲ್ಲರ ಕೈಯಲ್ಲೂ ಓಪಿಡಿ ಪುಸ್ತಕ, ಅದರೊಳಗೆ ಮಡಚಿದ ಚೀಟಿ. ಹೆಸರು, ವಯಸ್ಸು, ಯಾವ ಭಾಗದ ಚಿತ್ರ ಬೇಕು ಎಂಬುದರ ಕೆಳಗೆ ಎರಡು ಗೆರೆಯಷ್ಟು ಜಾಗ ಬಿಟ್ಟಿರುತ್ತಾರೆ. ರೋಗಿಗೆ ಏನಾಗಿದೆ, ಕಳಿಸಿದ ವೈದ್ಯರಿಗೆ ಯಾವುದರ ಅನುಮಾನ ಎಂದು ಅಲ್ಲಿ ಬರೆಯಬೇಕು. ಬಹಳಷ್ಟು ಚೀಟಿಗಳಲ್ಲಿ ಅದು ಖಾಲಿ. ಒಂದು ಬೆಳಗ್ಗೆಗೆ ನೂರಾರು ಜನರನ್ನು ನೋಡಬೇಕಾದ ವೈದ್ಯರನ್ನು ಬೈದು ಪ್ರಯೋಜನವಿಲ್ಲ. ಆದರೂ ಕೌಂಟರಿನ ಅಟೆಂಡರ್ ಪ್ರತಿ ಚೀಟಿಯನ್ನೂ ಬಿಡಿಸಿ ಒಂದೇ ಮಾತು ಕೇಳುತ್ತಾನೆ: ‘ಏನಾಯ್ತು ಅಂತ ಬರೆದಿದಾರಾ?’ ಬರೆಯದಿದ್ದರೆ ಅವನೇ ಕೇಳಿ ಪೆನ್ಸಿಲ್‌ನಲ್ಲಿ ಗೀಚುತ್ತಾನೆ. ಅದು ಅವನ ಕೆಲಸವಲ್ಲ. ಹಿರಿಯ ವೈದ್ಯೆ ಹೇಳಿಕೊಟ್ಟ ಅಭ್ಯಾಸವಂತೆ.

ಒಂದನೇ ನಂಬರ್ ಕೋಣೆ ಎಕ್ಸ್‌ರೇಯದು. ಗೋಡೆಗೆ ಒಂದು ಸ್ಟ್ಯಾಂಡ್, ಆರಡಿ ದೂರದಲ್ಲಿ ಕಿರಣ ಬಿಡುವ ಟ್ಯೂಬ್. ಎದೆಯ ಚಿತ್ರಕ್ಕೆ ರೋಗಿ ಟ್ಯೂಬಿಗೆ ಬೆನ್ನು ಹಾಕಿ, ಸ್ಟ್ಯಾಂಡನ್ನು ಅಪ್ಪಿಕೊಂಡಂತೆ ನಿಲ್ಲಬೇಕು. ಹೃದಯ ಎದೆಯ ಮುಂಭಾಗದಲ್ಲಿರುವುದರಿಂದ ಹೀಗೆ ನಿಂತರೆ ಅದು ಪ್ಲೇಟಿಗೆ ಹತ್ತಿರವಾಗಿ ನೆರಳು ಹೆಚ್ಚು ಹಿಗ್ಗುವುದಿಲ್ಲ. ಎದ್ದು ನಿಲ್ಲಲಾರದವರಿಗೆ ಹಾಸಿಗೆಯಲ್ಲೇ ಮುಂದಿನಿಂದ ತೆಗೆಯುತ್ತಾರೆ. ಆಗ ಗಟ್ಟಿಮುಟ್ಟಾದ ಹೃದಯವೂ ದೊಡ್ಡದಾಗಿ ಕಾಣುತ್ತದೆ. ‘ಮಲಗಿಸಿ ತೆಗೆದದ್ದು ಅಂತ ಫಿಲ್ಮಿನ ಮೇಲೆ ಹಾಕದೆ ಬಿಟ್ರೆ, ಇಲ್ಲದ ಹೃದಯದ ಕಾಯಿಲೆ ಹುಟ್ಟಿಕೊಳ್ಳುತ್ತೆ’ ಎಂದು ಟೆಕ್ನಿಷಿಯನ್ ನಕ್ಕರು. ಡಾರ್ಕ್‌ರೂಮಿನಲ್ಲಿ ಫಿಲ್ಮು ತೊಳೆದು ಕ್ಲಿಪ್ಪಿಗೆ ನೇತುಹಾಕುತ್ತಿದ್ದ ಕಾಲದಿಂದ ಇರುವವರು ಅವರು. ಎದೆಯ ಜೇಬಿಗೆ ಸಿಕ್ಕಿಸಿದ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ; ಅವರ ಮೈಗೆ ತಾಗಿದ ವಿಕಿರಣದ ಲೆಕ್ಕ ಅದರಲ್ಲಿ.

ನಾನಿದ್ದಾಗಲೇ ಒಬ್ಬ ತಾಯಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಚೀಟಿಯಲ್ಲಿ ಈ ಸಲ ಬರೆದಿತ್ತು: ನಾಣ್ಯ ನುಂಗಿದೆ. ಚಿತ್ರ ಪರದೆಗೆ ಬಂತು. ಕತ್ತಿನ ಬುಡದಲ್ಲಿ ದುಂಡನೆಯ ಬಿಳಿ ಬಿಲ್ಲೆ. ನನ್ನ ಕಣ್ಣಿಗಂತೂ ಅದು ನಾಣ್ಯವೇ. ಟೆಕ್ನಿಷಿಯನ್ ಚಿತ್ರವನ್ನು ಹಿಗ್ಗಿಸಿ ಅಂಚನ್ನು ನೋಡಿದರು. ಹೊರಗಿನ ಸುತ್ತಿನ ಒಳಗೆ ಇನ್ನೊಂದು ತೆಳು ಸುತ್ತು. ಪಕ್ಕದಿಂದ ಇನ್ನೊಂದು ಚಿತ್ರ ತೆಗೆದರು. ಅಂಚಿನಲ್ಲಿ ಸಣ್ಣ ಮೆಟ್ಟಿಲು ಕಂಡಿತು. ‘ಅಕ್ಕಾ, ಮನೇಲಿ ಲೈಟ್ ಬರೋ ಆಟದ ಸಾಮಾನು ಏನಾದ್ರೂ ಇತ್ತಾ? ಬಟನ್ ಸೆಲ್ಲಿಂದು?’ ತಾಯಿಯ ಮುಖ ಬಿಳುಚಿತು. ನಾಣ್ಯವಾದರೆ ಕೆಲವು ಗಂಟೆ ಕಾದು ನೋಡಬಹುದು. ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಪೊರೆಯಲ್ಲಿ ವಿದ್ಯುತ್ ಹರಿದು, ಕ್ಷಾರ ಹುಟ್ಟಿ, ಎರಡೇ ಗಂಟೆಯಲ್ಲಿ ಸುಡತೊಡಗುತ್ತದೆ. ರಿಪೋರ್ಟು ಟೈಪಾಗುವ ಮೊದಲೇ ಫೋನ್ ಹೋಯಿತು. ಮಗು ಮೇಲಿನ ಮಹಡಿಗೆ ಹೋಯಿತು. ಚೀಟಿ ಬರೆದವರದ್ದಾಗಲೀ ತಾಯಿಯದ್ದಾಗಲೀ ತಪ್ಪಿಲ್ಲ. ಕಂಡದ್ದನ್ನು ಹೇಳಿದ್ದರು.

ಲೋಹವಾದ್ದರಿಂದ ಇದು ಕಂಡಿತು. ಕಡಲೆಬೀಜ ಉಸಿರುನಾಳಕ್ಕೆ ಹೋದರೆ ಎಕ್ಸ್‌ರೇಯಲ್ಲಿ ಬೀಜ ಕಾಣುವುದೇ ಇಲ್ಲ. ಒಳಗೆ ಹೋದ ಗಾಳಿ ಹೊರಗೆ ಬಾರದೆ ಒಂದು ಕಡೆಯ ಪುಪ್ಪುಸ ಮಾತ್ರ ಉಬ್ಬಿ ಹೆಚ್ಚು ಕಪ್ಪಾಗಿರುತ್ತದೆ, ಅಷ್ಟೆ. ‘ಕಡಲೆಬೀಜ ತಿನ್ನುವಾಗ ಕೆಮ್ಮಿತು’ ಎಂಬ ಮಾತು ಕೈಗೆ ಸಿಕ್ಕರೆ ಆ ಕಪ್ಪನ್ನು ಹುಡುಕುತ್ತಾರೆ. ಸಿಗದಿದ್ದರೆ ಚಿತ್ರ ಸರಿಯಾಗೇ ಇದೆ ಎಂದು ಮಗು ಮನೆಗೆ ಹೋಗುವ ಸಾಧ್ಯತೆಯೂ ಇದೆ.

ಮಧ್ಯಾಹ್ನದ ಹೊತ್ತಿಗೆ ಅಡಿಕೆ ಮರದಿಂದ ಬಿದ್ದ ಒಬ್ಬ ಕೊನೆಗಾರ ಸ್ಟ್ರೆಚರಿನಲ್ಲಿ ಬಂದ. ಮಲೆನಾಡಿನ ಆಸ್ಪತ್ರೆಗಳಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಜಾರುವ ಮರ ಹತ್ತಬೇಕು, ಮಳೆ ಹಿಂದಾದ ಮೇಲೆ ಕೊನೆ ಕೊಯ್ಯಲು. ಫೈಬರ್ ದೋಟಿ ಬಂದಮೇಲೆ ನೆಲದಲ್ಲಿ ನಿಂತೇ ಕೊಯ್ಯುವವರು ಹೆಚ್ಚಾಗಿದ್ದಾರೆ. ಆದರೂ ಹತ್ತುವವರು ಹತ್ತುತ್ತಲೇ ಇದ್ದಾರೆ. ಚೀಟಿಯಲ್ಲಿದ್ದದ್ದು ಇಷ್ಟೇ: ಬಲ ಹಿಮ್ಮಡಿ ಎಕ್ಸ್‌ರೇ.

‘ಎಷ್ಟು ಎತ್ತರದಿಂದ ಬಿದ್ದೆ ಮಾರಾಯ?’

‘ಮೇಲಿಂದಲೇ ಸಾರ್. ನಿಂತಹಾಗೇ ಬಂದೆ.’

ನಿಂತ ಹಾಗೇ ಬಿದ್ದವನ ಹಿಮ್ಮಡಿ ಮೂಳೆ ಜಜ್ಜಿ ಹೋಗಿತ್ತು. ಅದನ್ನು ನಾನೂ ಕಂಡೆ. ಟೆಕ್ನಿಷಿಯನ್ ಅಲ್ಲಿಗೆ ನಿಲ್ಲಿಸಲಿಲ್ಲ. ಹಿಮ್ಮಡಿಗೆ ಬಿದ್ದ ಪೆಟ್ಟು ಕಾಲು, ಸೊಂಟ ದಾಟಿ ಬೆನ್ನುಮೂಳೆಗೆ ಏರುತ್ತದೆ. ಅಲುಗದ ಎದೆಭಾಗವೂ ಅಲುಗುವ ಸೊಂಟಭಾಗವೂ ಸೇರುವ ಜಾಗದಲ್ಲಿ ಅದು ತನ್ನ ಸಿಟ್ಟು ತೀರಿಸಿಕೊಳ್ಳುತ್ತದೆ. ಹನ್ನೆರಡನೇ ಎದೆಯ ಕಶೇರು, ಮೊದಲನೇ ಸೊಂಟದ ಕಶೇರು. ಮೊದಲು ನೋಡಬೇಕಾದದ್ದು ಇವೆರಡನ್ನು. ಹಿಮ್ಮಡಿಯ ನೋವೇ ಪ್ರಾಣ ಹಿಂಡುತ್ತಿರುವಾಗ ಬೆನ್ನಿನ ನೋವು ರೋಗಿಗೆ ಗೊತ್ತೇ ಆಗದಿರಬಹುದು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಚೀಟಿಗೆ ಬೆನ್ನನ್ನೂ ಸೇರಿಸಿದರು, ಅವನನ್ನು ಹೊರಳಿಸದೆ ನಾಲ್ವರು ಹಿಡಿದು ಮೇಜಿಗೆ ಸರಿಸಿದರು. ಮೊದಲನೇ ಸೊಂಟದ ಕಶೇರು ಮುಂಭಾಗದಲ್ಲಿ ಕುಸಿದಿತ್ತು. ಮುರಿದ ಚೂರು ನರಹುರಿಯ ಕಡೆಗೆ ಸರಿದಿದೆಯೇ ಎಂಬುದನ್ನು ಎಕ್ಸ್‌ರೇ ಖಚಿತವಾಗಿ ಹೇಳಲಾರದು. ಅವನು ಒಳಕೋಣೆಗಳ ಕಡೆಗೆ ಹೊರಟ.

ಅವನ ಹಿಂದೆ ಬೈಕಿನಿಂದ ಬಿದ್ದು ಅಂಗೈ ಊರಿದ ಹುಡುಗ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವು. ಚಿತ್ರದಲ್ಲಿ ಏನೂ ಇಲ್ಲ. ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆಯ ಸಣ್ಣ ಬಿರುಕು ಮೊದಲ ದಿನ ಕಾಣದೆ, ಅಂಚು ಕರಗಿದ ಮೇಲೆ, ಹತ್ತು–ಹದಿನಾಲ್ಕು ದಿನಕ್ಕೆ ಕಾಣುವುದುಂಟು. ಆ ಮೂಳೆಗೆ ರಕ್ತ ಬರುವುದು ಬೆರಳಿನ ಕಡೆಗಿರುವ ಅದರ ತುದಿಯಿಂದ ಹಿಂದಕ್ಕೆ. ಬಿರುಕನ್ನು ಕಡೆಗಣಿಸಿದರೆ ಹಿಂದಿನ ತುಂಡು ಸತ್ತುಹೋಗಬಹುದು. ರಿಪೋರ್ಟಿನಲ್ಲಿ ಮುರಿತ ಕಾಣುತ್ತಿಲ್ಲ ಎಂದು ಬರೆದು, ಪಟ್ಟಿ ಹಾಕಿ ಮತ್ತೆ ತೆಗೆಸಿ ಎಂದು ಸೇರಿಸಿದರು. ಹುಡುಗನಿಗೆ ಅದು ಸುತರಾಂ ಇಷ್ಟವಾಗಲಿಲ್ಲ. ಏನೂ ಆಗಿಲ್ಲ ಅಂದಮೇಲೆ ಪಟ್ಟಿ ಯಾಕೆ?

ಅಲ್ಟ್ರಾಸೌಂಡ್ ಕೋಣೆಯ ಬಾಗಿಲಲ್ಲಿ ಎಲ್ಲೆಡೆಯಂತೆ ಕೆಂಪಕ್ಷರದ ಫಲಕ: ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ. 1994ರ ಕಾಯ್ದೆಯ ಫಲ. ಒಳಗೆ ಗರ್ಭಿಣಿಯರ ಸಾಲೇ ದೊಡ್ಡದು. ಆದರೆ ಅಪಘಾತದವರು ಬಂದರೆ ಸಾಲು ಸರಿಯಬೇಕು. ಪಿತ್ತಜನಕಾಂಗಕ್ಕೂ ಮೂತ್ರಪಿಂಡಕ್ಕೂ ನಡುವಿನ ಸಂದು, ಗುಲ್ಮದ ಸುತ್ತ, ಕಿಬ್ಬೊಟ್ಟೆ, ಹೃದಯದ ಚೀಲ: ಈ ನಾಲ್ಕು ಕಡೆ ಕಪ್ಪು ನೀರಿನಂತೆ ಕಂಡರೆ, ಪೆಟ್ಟು ತಿಂದವರಲ್ಲಿ ಅದನ್ನು ರಕ್ತವೆಂದೇ ತಿಳಿದು ಹೆಜ್ಜೆ ಇಡುತ್ತಾರೆ. ಕೆಲವೇ ನಿಮಿಷದ ಕೆಲಸ. ಸೊಂಟದ ಕೀಲು ಬದಲಿಸಿಕೊಂಡ ಹೆಂಗಸೊಬ್ಬರ ಕಾಲು ಬಾತುಕೊಂಡಿತ್ತು. ಪಿಜಿ ವೈದ್ಯೆ ತೊಡೆಯ ಅಭಿಧಮನಿಯನ್ನು ಪ್ರೋಬಿನಿಂದ ಅದುಮುತ್ತ ಬಂದಳು. ಆರೋಗ್ಯದ ಅಭಿಧಮನಿ ಅದುಮಿದರೆ ಚಪ್ಪಟೆಯಾಗುತ್ತದೆ. ಹೆಪ್ಪುಗಟ್ಟಿದ್ದು ಆಗುವುದಿಲ್ಲ. ಮಂಡಿಯ ಹಿಂದೆ ಅದು ಚಪ್ಪಟೆಯಾಗಲು ಒಪ್ಪಲಿಲ್ಲ. ಆ ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋದರೆ ಉಸಿರು ನಿಲ್ಲಬಹುದು. ರಕ್ತ ತೆಳುವಾಗಿಸುವ ಔಷಧಿ ಅಂದೇ ಶುರುವಾಗಬೇಕು.

ಸಿಟಿ ಕೋಣೆಯ ಹೊರಗೆ ಗಾಲಿಕುರ್ಚಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿ. ಚೀಟಿಯಲ್ಲಿ ‘ಮರೆವು, ನಡೆಯುವಾಗ ತೂರಾಟ’ ಎಂದಿತ್ತು. ವಯಸ್ಸಾಯ್ತು, ಮರೆವಿನ ಕಾಯಿಲೆ ಎಂದು ಮನೆಯವರು ತೀರ್ಮಾನಿಸಿಬಿಟ್ಟಿದ್ದರು. ಟೆಕ್ನಿಷಿಯನ್ ಮೈಕಿನಲ್ಲಿ ‘ಅಜ್ಜೀ, ತಲೆ ಅಲ್ಲಾಡಿಸಬೇಡಿ’ ಎಂದು ಕೂಗಿ ಹೇಳುತ್ತಿದ್ದ.

ಈ ಯಂತ್ರ ಹುಟ್ಟಿದ್ದು ವೈದ್ಯಕೀಯ ಕಾಲೇಜಿನಲ್ಲಲ್ಲ. ನಮ್ಮ ಅಜ್ಜಂದಿರ ಗ್ರಾಮಫೋನ್ ತಟ್ಟೆಯ ಮೇಲೆ ನಾಯಿಯ ಚಿತ್ರವಿರುತ್ತಿತ್ತಲ್ಲ, ಆ ಎಚ್‌ಎಂವಿಯ ಒಡೆಯರಾಗಿದ್ದ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ್ದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯನ್ನು ಅದು ಪದರಪದರವಾಗಿ ತೋರಿಸಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆಗೆ ಅವರಿಗೆ ನೊಬೆಲ್ ಬಂತು. ಅವರ ಹೆಸರಿನ ಅಳತೆಗೋಲು ಇಂದಿಗೂ ಪರದೆಯ ಮೂಲೆಯಲ್ಲಿದೆ: ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು.

ಅಳತೆಗೋಲು ಇದ್ದೂ ಅಜ್ಜಿಯ ಚಿತ್ರ ಮೋಸ ಮಾಡುವಂಥದ್ದು. ತಲೆಯೊಳಗೆ ಹೊಸದಾಗಿ ಸುರಿದ ರಕ್ತ ಬೆಳ್ಳಗೆ ಕಾಣುತ್ತದೆ. ವಾರಗಳು ಕಳೆದಂತೆ ಬಿಳುಪು ಇಳಿದು, ಎರಡು ಮೂರು ವಾರದ ಹೊತ್ತಿಗೆ ಮಿದುಳಿನದೇ ಬೂದು ಬಣ್ಣಕ್ಕೆ ಬರುತ್ತದೆ. ಆಮೇಲೆ ಕಪ್ಪಾಗುತ್ತದೆ. ಬೂದಿನಲ್ಲಿ ಬೂದು ಬೆರೆತ ಆ ದಿನಗಳಲ್ಲಿ ರಕ್ತ ಕಣ್ಣೆದುರಿಗಿದ್ದೂ ಕಾಣದು. ಹಿರಿಯ ವೈದ್ಯೆ ರಕ್ತವನ್ನು ಹುಡುಕಲೇ ಇಲ್ಲ. ಬಲಗಡೆ ಮಿದುಳಿನ ಮಡಿಕೆಗಳು ಬುರುಡೆಯ ತನಕ ಬಂದಿವೆಯೇ, ನಡುಗೆರೆ ನೆಟ್ಟಗಿದೆಯೇ ಎಂದಷ್ಟೇ ನೋಡಿದರು. ಮಡಿಕೆಗಳು ಅಳಿಸಿದ್ದವು, ನಡುಗೆರೆ ಎಡಕ್ಕೆ ಸರಿದಿತ್ತು. ‘ಬಿದ್ದಿದ್ರಾ ಕೇಳು’ ಎಂದರು. ಮೊಮ್ಮಗಳು ಇಲ್ಲವೆಂದಳು. ಸ್ವಲ್ಪ ಯೋಚಿಸಿ, ಹಬ್ಬದ ಹೊತ್ತಿಗೆ ಬಚ್ಚಲಿನ ಬಾಗಿಲಿಗೆ ತಲೆ ಬಡಿದುಕೊಂಡಿದ್ದು ನೆನಪಾಯಿತು. ಊದಿಕೊಂಡಿರಲಿಲ್ಲ, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ವಯಸ್ಸಾದಂತೆ ಮಿದುಳು ಕುಗ್ಗಿ, ಬುರುಡೆಗೂ ಅದಕ್ಕೂ ನಡುವಿನ ಸಣ್ಣ ರಕ್ತನಾಳಗಳು ಎಳೆದ ದಾರದಂತೆ ಬಿಗಿದಿರುತ್ತವೆ. ಸಣ್ಣ ಪೆಟ್ಟೂ ಸಾಕು. ಬುರುಡೆಗೆ ರಂಧ್ರ ಕೊರೆದು ಆ ರಕ್ತ ಬಸಿದರೆ ಹೀಗೆ ಬಂದ ಮರೆವು ಬಹಳಷ್ಟು ಜನರಲ್ಲಿ ಇಳಿಯುತ್ತದೆ. ಆ ದಿನ ಇಡೀ ವಿಭಾಗದಲ್ಲಿ ನಾನು ಕಂಡ ಒಳ್ಳೆಯ ಸುದ್ದಿ ಅದೇ.

ಎಂಆರ್‌ಐ ಕಡೆ ಹೆಚ್ಚು ಹೊತ್ತು ನಿಲ್ಲಲು ಬಿಡಲಿಲ್ಲ. ಒಂದೂವರೆ ಟೆಸ್ಲಾ, ಅಂದರೆ ಭೂಮಿಯ ಆಯಸ್ಕಾಂತದ ಸುಮಾರು ಮೂವತ್ತು ಸಾವಿರ ಪಟ್ಟು. ರೋಗಿ ಇರಲಿ ಬಿಡಲಿ, ಹಗಲೂ ರಾತ್ರಿ ಅದು ಚಾಲೂ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಅದನ್ನು ತಣ್ಣಗಿಟ್ಟಿರುತ್ತದೆ. ಕಬ್ಬಿಣದ ಆಮ್ಲಜನಕದ ಸಿಲಿಂಡರ್ ಒಳಗೆ ತಂದರೆ ಹಾರಿ ಬಂದು ಬಡಿಯುತ್ತದೆ. ಬಾಗಿಲಲ್ಲಿ ಸಿಸ್ಟರ್ ತಾಳಿ, ಕಾಲುಂಗುರ, ಹೇರ್‌ಪಿನ್ ಬಿಚ್ಚಿಸುತ್ತಾರೆ. ತಾಳಿ ತೆಗೆಯಲು ಅಳುಕುವವರಿಗೆಂದು ದಾರ ಕಟ್ಟಿದ ಅರಿಶಿನದ ಕೊಂಬು ಡ್ರಾಯರಿನಲ್ಲಿ ಸಿದ್ಧವಿದೆ. ಯಾವ ಕೈಪಿಡಿಯಲ್ಲೂ ಇಲ್ಲದ ಈ ಏರ್ಪಾಡಿನಿಂದ ಎಷ್ಟೋ ವಾದ ತಪ್ಪಿದೆ ಎಂದರು. ಕೊನೆಗಾರ ಆಗಲೇ ಒಳಗಿದ್ದ. ಮೂಳೆಯ ಚೂರು ಹಿಂದಕ್ಕೆ ಸರಿದಿದ್ದರೂ ನರಹುರಿಯ ತುದಿ ಜಜ್ಜಿರಲಿಲ್ಲ.

ಇನ್ನು ರಿಪೋರ್ಟಿಂಗ್ ಕೋಣೆ. ಬೆಳಕು ಕಡಿಮೆ, ಪರದೆಗಳು ಮಾತ್ರ ಹೊಳೆಯುತ್ತಿವೆ. ಪಿಜಿಗಳು ಓದುವುದನ್ನು ಹಿರಿಯ ವೈದ್ಯೆ ಹಿಂದೆ ನಿಂತು ಕೇಳುತ್ತಾರೆ. ಒಬ್ಬ ಹುಡುಗ ಗಾಬರಿಯಾಗಿ ಎದ್ದುನಿಂತ: ವಪೆಯ ಕೆಳಗೆ ಗಾಳಿ. ಎದೆ ಮತ್ತು ಹೊಟ್ಟೆಯ ನಡುವಿನ ಆ ಗುಮ್ಮಟದಡಿಯಲ್ಲಿ ಕಪ್ಪು ಗೆರೆ ಕಂಡರೆ ಕರುಳೋ ಜಠರವೋ ತೂತಾಗಿದೆ ಎಂದು ಪಠ್ಯ ಹೇಳುತ್ತದೆ. ಕೂಡಲೇ ಆಪರೇಷನ್. ಚೀಟಿಯಲ್ಲಿ ಬರೀ ‘ಚೆಸ್ಟ್ ಪಿಎ’.

‘ವಾರ್ಡಿಗೆ ಫೋನ್ ಮಾಡು. ಹೊಟ್ಟೆ ಆಪರೇಷನ್ ಆಗಿದೆಯಾ, ಎಷ್ಟನೇ ದಿನ?’

ಆಗಿತ್ತು. ಮೂರನೇ ದಿನ. ಹೊಟ್ಟೆ ಕೊಯ್ದಾಗ ಒಳಹೊಕ್ಕ ಗಾಳಿ ಇಂಗಲು ಕೆಲವು ದಿನ ಬೇಕು. ಅದೇ ಗೆರೆ ಈಗ ಗಾಬರಿಯ ವಿಷಯವಲ್ಲ. ಆದರೆ ದಿನದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚಾದರೆ? ಅದಕ್ಕೆ ಉದಾಹರಣೆ ಪಕ್ಕದ ಪರದೆಯಲ್ಲೇ ಇತ್ತು. ಕರುಳಿನ ತುಂಡು ತೆಗೆದು ಎರಡು ತುದಿ ಹೊಲಿದ ರೋಗಿ, ಆರನೇ ದಿನ, ಜ್ವರ. ಕುಡಿಸಿದ ಕಾಂಟ್ರಾಸ್ಟ್ ದ್ರವ ಹೊಲಿಗೆಯ ಪಕ್ಕದಲ್ಲಿ ಕರುಳಿನಿಂದಾಚೆ ಬಿಳಿಯ ಮಡುವಾಗಿ ನಿಂತಿತ್ತು, ಸುತ್ತ ಗಾಳಿಗುಳ್ಳೆ. ಇಂಥ ಅನುಮಾನವಿದ್ದಾಗ ಬೇರಿಯಂ ಕುಡಿಸುವುದಿಲ್ಲ. ಅದು ಹೊಟ್ಟೆಯೊಳಗೆ ಸೋರಿದರೆ ಪೊರೆ ಕೆರಳಿ ಇನ್ನೊಂದು ಅನಾಹುತ. ನೀರಲ್ಲಿ ಕರಗುವ ಅಯೋಡಿನ್ ದ್ರವ ಕೊಡುತ್ತಾರೆ. ಸೋರುತ್ತಿದೆಯೇ ಎಂಬ ಪ್ರಶ್ನೆಯನ್ನು ಸರ್ಜನ್ ಮೊದಲೇ ಬರೆದಿದ್ದರಿಂದಲೇ ಯಾವ ದ್ರವ, ಯಾವ ಹೊತ್ತಿಗೆ ಚಿತ್ರ ಎಂಬುದು ತೀರ್ಮಾನವಾದದ್ದು.

ಸರ್ಜನ್‌ಗಳು ಬರೆಯಲು ಇಷ್ಟಪಡದ ಪ್ರಶ್ನೆಯೂ ಒಂದಿದೆ. ಪಾಠಕ್ಕೆಂದು ಇಟ್ಟ ಚಿತ್ರವೊಂದರಲ್ಲಿ, ಹೊಟ್ಟೆಯ ನಡುವೆ ಸುರುಳಿ ಸುತ್ತಿದ ತೆಳು ಬಿಳಿ ದಾರ. ಆಪರೇಷನ್‌ನಲ್ಲಿ ರಕ್ತ ಒರೆಸುವ ಮಾಪ್ ಬಟ್ಟೆಯೊಳಗೆ ಬೇರಿಯಂ ಸಲ್ಫೇಟ್ ಇರುವ ಪಟ್ಟಿ ನೇಯ್ದಿರುತ್ತಾರೆ. ಬಟ್ಟೆ ಎಕ್ಸ್‌ರೇಗೆ ಕಾಣದು, ಪಟ್ಟಿ ಕಾಣುತ್ತದೆ. ಹೊಲಿಗೆ ಹಾಕುವ ಮೊದಲು ಸಿಸ್ಟರ್ ಎಣಿಸಿ ಲೆಕ್ಕ ಒಪ್ಪಿಸಬೇಕು, ತಾಳೆಯಾಗದಿದ್ದರೆ ಥಿಯೇಟರಿನಲ್ಲೇ ಎಕ್ಸ್‌ರೇ. ಅದು ಯಾವ ಆಸ್ಪತ್ರೆಯ ಚಿತ್ರವೆಂದು ಹಿರಿಯ ವೈದ್ಯೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

2002ರಿಂದಲೇ ಬೆಂಗಳೂರಿನ ಟೆಲಿರೇಡಿಯಾಲಜಿ ಸಲ್ಯೂಷನ್ಸ್‌ನಲ್ಲಿ ಕುಳಿತ ವೈದ್ಯರು ಅಮೆರಿಕದ ಆಸ್ಪತ್ರೆಗಳ ರಾತ್ರಿಯ ಸ್ಕ್ಯಾನ್‌ಗಳನ್ನು ಇಲ್ಲಿಯ ಹಗಲಿನಲ್ಲಿ ಓದುತ್ತಿದ್ದಾರೆ. ದೂರದಿಂದ ಓದಬಹುದಾದರೆ ಈ ಕೋಣೆ ಯಾಕೆ ಎಂದು ಹಿರಿಯ ವೈದ್ಯೆಯನ್ನು ಕೆಣಕಿದೆ. ‘ಓದಬಹುದು. ನಾವೂ ರಾತ್ರಿ ಮನೆಯಿಂದ ಓದ್ತೀವಿ. ಎಷ್ಟನೇ ದಿನ ಅಂತ ಕೇಳಿದ್ರೆ ಆ ಕಡೆ ಉತ್ತರ ಕೊಡೋರು ಇರಬೇಕು, ಅಷ್ಟೇ’ ಎಂದರು.

ಕೋಣೆಯ ಗೋಡೆಗೆ ಹಳೆಯ ಕಬ್ಬಿಣದ ಕಪಾಟು. ಕಂದು ಲಕೋಟೆಗಳಲ್ಲಿ ಫಿಲ್ಮುಗಳು. ಒಂದನ್ನು ತೆಗೆದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನನ್ನನ್ನೇ ಓದಲು ಹೇಳಿದರು. ಸೊಂಟದ ಕೀಲು. ತೊಡೆಮೂಳೆಯ ತಲೆ ದುಂಡಗಿಲ್ಲ, ಚಪ್ಪಟೆ. ಕೀಲಿನ ಸಂದು ಸವೆದು ಗೆರೆಯಷ್ಟಾಗಿದೆ. ಎಪ್ಪತ್ತು ವರ್ಷದ ಮುದುಕರ ಸವೆತ ಎಂದೆ. ಲಕೋಟೆ ತಿರುಗಿಸಿ ತೋರಿಸಿದರು: 24 ವರ್ಷ, ಸಾಗರ ತಾಲ್ಲೂಕು.

ಹಂದಿಗೋಡು ಕಾಯಿಲೆ. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ, ಹೆಚ್ಚಾಗಿ ದಲಿತ ಕೂಲಿ ಕುಟುಂಬಗಳಲ್ಲಿ ಇದು ಬೆಳಕಿಗೆ ಬಂತು. ಸೊಂಟ, ಮಂಡಿ ನೋವಿನಿಂದ ಶುರು. ಕ್ರಮೇಣ ನೆಟ್ಟಗೆ ನಿಲ್ಲಲಾಗದು, ಕೋಲಿಲ್ಲದೆ ನಡೆಯಲಾಗದು. ಕೆಲವರು ಬಹಳ ಕುಳ್ಳಗೆ. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವೆಂಬ ಅನುಮಾನ ಮೊದಲು ಎದ್ದಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೂ ಬಂದು ಅಧ್ಯಯನ ಮಾಡಿದರು. ಏಡಿಯ ಮಾತು ಎಷ್ಟು ಬೇರೂರಿತೆಂದರೆ ಈಗಲೂ ಆ ಕಡೆ ಕೇಳಿಬರುತ್ತದೆ.

ಬೇರೆ ದಾರಿ ತೋರಿಸಿದ್ದು ಎಕ್ಸ್‌ರೇಗಳು. ಸೊಂಟವೊಂದನ್ನೇ ನೋಡಿದರೆ ಬರೀ ಸವೆತ. ಅದೇ ವ್ಯಕ್ತಿಯ ಬೆನ್ನು ತೆಗೆದರೆ ಕಶೇರುಗಳೂ ಚಪ್ಪಟೆ, ಅಂಚು ಅಂಕುಡೊಂಕು. ಅಂದರೆ ಸವೆಯುವ ಮೊದಲೇ ಮೂಳೆ ಸರಿಯಾಗಿ ಬೆಳೆದಿರಲಿಲ್ಲ. ಮನೆಯವರದ್ದನ್ನು ಸಾಲಾಗಿಟ್ಟರೆ ಅಪ್ಪ, ಮಗಳು, ಮೊಮ್ಮಗನಲ್ಲಿ ಒಂದೇ ಬಗೆ. 1990ರ ದಶಕದ ಅಧ್ಯಯನಗಳು ಇದನ್ನು ವಂಶದಲ್ಲಿ ಇಳಿದು ಬರುವ ಮೂಳೆ ಬೆಳವಣಿಗೆಯ ದೋಷವೆಂದು ಗುರುತಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ದಕ್ಷಿಣ ಆಫ್ರಿಕದ ಎಮ್ಸೆಲೇನಿ ಎಂಬಲ್ಲಿಯ ಕೀಲುರೋಗದೊಡನೆ ಹೋಲಿಸಿಯೂ ನೋಡಿದರು. ಕೀಲು ಬದಲಿಸಬಹುದು, ಕಾಯಿಲೆ ಹೋಗಲಾಡಿಸುವ ಔಷಧಿ ಇಲ್ಲ. ಅಷ್ಟು ಸಂಶೋಧನೆ ನಡೆದ ಊರಿನವರು ಮಾಸಾಶನಕ್ಕೆ, ಚಿಕಿತ್ಸೆಗೆ ಮತ್ತೆ ಮತ್ತೆ ಕಚೇರಿ ಅಲೆಯಬೇಕಾಗಿ ಬಂದದ್ದು ನನಗೆ ಕಾಯಿಲೆಯಷ್ಟೇ ಕಹಿ ಸಂಗತಿ. ‘ಸೊಂಟ ನೋವು ಅಂತ ಇಪ್ಪತ್ತರ ಹುಡುಗ ಬಂದ್ರೆ ನಮ್ಮ ಪಿಜಿಗಳು ಊರು ಕೇಳಲೇಬೇಕು. ಆಮೇಲೆ ಬೆನ್ನು ತೆಗೆಸಬೇಕು’ ಎಂದು ಲಕೋಟೆ ಮುಚ್ಚಿಟ್ಟರು.

ರಿಪೋರ್ಟು ಕೊಡುವ ಕಿಟಕಿಯಲ್ಲಿ ಜಗಳವೇ ನಡೆದಿತ್ತು. ಫಿಲ್ಮು ಕೊಡಿ ಎಂದು ಜನ, ಸಿಡಿ ಸಾಕು ಎಂದು ಗುಮಾಸ್ತ. ಹಳೆಯ ಫಿಲ್ಮುಗಳನ್ನು ಮನೆಗಳಲ್ಲಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವನ ದೂರು. ಅವುಗಳಲ್ಲಿ ಬೆಳ್ಳಿ ಇರುವುದರಿಂದ ಗುಜರಿಯವರು ಕೊಂಡೊಯ್ಯುತ್ತಾರೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಮಾತ್ರ ಅಕ್ಕಿಚೀಲದಿಂದ ಮಡಚದೆ ಸುತ್ತಿಟ್ಟ ಫಿಲ್ಮು ತೆಗೆದಳು. ಪುಪ್ಪುಸದಲ್ಲಿ ಸಣ್ಣ ಗಂಟು ಕಂಡಿದೆ, ಸಿಟಿ ಮಾಡಿಸಿ ಎಂದು ಆಕೆಗೆ ಬರೆದುಕೊಟ್ಟಿದ್ದರು. ಪಿಜಿ ಹುಡುಗ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟ, ಹಿರಿಯ ವೈದ್ಯೆ ಬಂದು ನೋಡಿದರು. ಮೂರು ವರ್ಷದ ಹಿಂದಿನ ಫಿಲ್ಮಿನಲ್ಲೂ ಅದೇ ಜಾಗ, ಅದೇ ಗಾತ್ರ, ನಡುವೆ ಅದೇ ಸುಣ್ಣದ ಚುಕ್ಕೆ. ಎಂದೋ ಬಂದು ಒಣಗಿದ ಗಾಯದ ಕಲೆ.

‘ಸಿಟಿ ಬೇಡ ಕಣಮ್ಮ. ಇದನ್ನ ಮಾತ್ರ ಬಿಸಾಡಬೇಡ.’

‘ಹಂಗಾರೆ ಸಿಟಿಗೆ ಕಟ್ಟಿದ ದುಡ್ಡು ವಾಪಸ್ ಯಾವ ಕಿಟಕೀಲಿ ಕೊಡ್ತಾರೆ?’ ಎಂದು ಆಕೆ ರಸೀದಿ ಮುಂದಿಟ್ಟಳು. ಅದಕ್ಕೆ ಮೇಲಿನ ಮಹಡಿಗೆ ಹೋಗಬೇಕಿತ್ತು, ಮೂರೂವರೆಯೊಳಗೆ.